ಮನೆಯೊಳಗಿನ ಉದ್ಯೋಗವೂ ಮಿತವ್ಯಯವೂ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಅನುಭವದಿಂದ ಕಿರಿಯರಿಗೆ ಉಪಯೋಗವಾಗುವ ಒಂದು ವಿಷಯವನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ. ನಾನು ವಿದುಷಿಯಲ್ಲ, ಒಂದು ವ್ಯಾಪಾರ ಸಂಸ್ಥೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವವಳು. ಆ ಸಂಸ್ಥೆಯ ಕಚೇರಿಯು ಬೆಂಗಳೂರು ನಗರದ ಪೂರ್ವಭಾಗದಲ್ಲಿದೆ. ನಾನು ವಾಸವಾಗಿರುವುದು ದೊಡ್ಡಬಳ್ಳಾಪುರದಲ್ಲಿ. ಲ್ಯಾಪ್‌ಟಾಪು ಒಂದಿದ್ದರೆ ಇಲ್ಲಿಂದಲೇ ಕೆಲಸ ನಡೆಯುತ್ತದೆ. ಈಗ ನಮ್ಮ ಶಾಲೆಯಿಂದ ಹೊರಬಿದ್ದ ಎಷ್ಟೋ ಮಂದಿ ಹೆಣ್ಣುಮಕ್ಕಳು ಇಂತಹ ಉದ್ಯೋಗದಲ್ಲಿರುವುದರಿಂದ, ಸಣ್ಣ ಊರಿನಲ್ಲಿದ್ದುಕೊಂಡು ದೊಡ್ಡ ಊರಿನ ಕೆಲಸವನ್ನು ಮಿತವಾದ ಖರ್ಚಿನಲ್ಲಿ ಮಾಡುವ ಬಗೆ ಹೇಗೆಂಬುದನ್ನೇ ಇಲ್ಲಿ ಬರೆಯುತ್ತೇನೆ. ಗೃಹಕೃತ್ಯದ ಪಾಠದಲ್ಲಿ ನಮಗೆ ಮನೆವಾರ್ತೆಯ ಲೆಕ್ಕದ ಪುಸ್ತಕವನ್ನಿಡಲು ಕಲಿಸಿದ್ದರು. ಆ ಪುಸ್ತಕವನ್ನು ನಾನು ಇಂದಿಗೂ ಬಿಟ್ಟಿಲ್ಲ. ಮುಂದೆ ಹೇಳುವುದೆಲ್ಲ ಅದರಲ್ಲಿ ಕಂಡುದೇ.

೨೦೨೦ನೆಯ ಇಸವಿ ಮಾರ್ಚ್ ೨೫ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಕಚೇರಿಗಳು ಮನೆಗಳೊಳಕ್ಕೆ ಬಂದವು. ವ್ಯಾಧಿಯು ಇಳಿದ ಮೇಲೆ ಕೆಲವು ಕಚೇರಿಗಳು ತಮ್ಮ ಜನರನ್ನು ಪೂರ್ತಿಯಾಗಿ ಹಿಂದಕ್ಕೆ ಕರೆಸಿಕೊಂಡವು. ಕೆಲವು ವಾರಕ್ಕೆ ಎರಡು ಮೂರು ದಿನ ಬರಬೇಕೆಂದವು. ಕೆಲವು ತಿಂಗಳಿಗೊಮ್ಮೆ ಮುಖ ತೋರಿಸಿದರೆ ಸಾಕೆಂದವು. ನನ್ನದು ಕೊನೆಯ ಬಗೆಯದು. ಆದಕಾರಣ ೨೦೨೧ರಲ್ಲಿ, ಮಂಡಿನೋವಿನಿಂದ ಮಹಡಿ ಹತ್ತಲಾರದೆ ಹೋಗಿದ್ದ ತಾಯಿಯವರನ್ನು ಕರೆದುಕೊಂಡು, ನಗರವನ್ನು ಬಿಟ್ಟು ಇಲ್ಲಿಗೆ ಬಂದೆನು.

ಮೊದಲು ಊರನ್ನು ಆರಿಸುವ ವಿಚಾರ. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರವೆಂದು ಬೇರೆಯಾದ ಜಿಲ್ಲೆಯಿಂದ ೨೦೦೭ರಲ್ಲಿ ರಾಮನಗರದ ಭಾಗವು ಒಡೆದುಹೋದ ಮೇಲೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ನಾಲ್ಕೂ ನಗರದ ಸುತ್ತ ಕೈಕೊಂಡಂತೆ ಇವೆಯಾದರೂ ನಾಲ್ಕರ ಗುಣವೂ ಒಂದೇ ಅಲ್ಲ. ಹೊಸಕೋಟೆಯು ವೈಟ್‌ಫೀಲ್ಡಿಗೆ ಸಮೀಪ. ಕಾಡುಗೋಡಿಯ ಮೆಟ್ರೋ ನಿಲ್ದಾಣವು ೨೦೨೩ರ ಮಾರ್ಚಿಯಲ್ಲಿ ತೆರೆದ ಮೇಲೆ ಅಲ್ಲಿಂದ ಕಚೇರಿಗೆ ಹೋಗಿಬರುವವರಿಗೆ ಅನುಕೂಲವಾಯಿತು. ನೆಲಮಂಗಲವು ತುಮಕೂರಿನ ದಾರಿಯೂ ಹಾಸನದ ದಾರಿಯೂ ಕವಲೊಡೆಯುವ ಊರು. ೨೦೨೪ರ ನವೆಂಬರಿನಲ್ಲಿ ಮೆಟ್ರೋ ಗಾಡಿಯು ನಾಗಸಂದ್ರದಿಂದ ಮಾದಾವರದವರೆಗೆ ಬಂದುದರಿಂದ ಅಲ್ಲಿಯವರಿಗೂ ದಾರಿ ಸುಗಮವಾಯಿತು. ದೇವನಹಳ್ಳಿಯ ಬಳಿ ೨೦೦೮ರಲ್ಲಿ ವಿಮಾನ ನಿಲ್ದಾಣವು ತೆರೆದ ತರುವಾಯ ಚಕ್ಕೋತದ ತೋಟಗಳಿದ್ದ ಭೂಮಿಗೆ ಚಿನ್ನದ ಬೆಲೆ ಬಂದು, ಬಾಡಿಗೆಯೂ ಅದರ ಹಿಂದೆಯೇ ಏರಿತು. ದೊಡ್ಡಬಳ್ಳಾಪುರಕ್ಕೆ ಬಸ್ಸಿನ ಜೊತೆಗೆ ಹಿಂದೂಪುರದ ಕಡೆಯಿಂದ ಯಲಹಂಕದ ಮೇಲೆ ಹಾಯುವ ರೈಲುದಾರಿಯೂ ಉಂಟು. ೨೦೨೩ರ ಜೂನ್ ೧೧ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾದುದರಿಂದ ಬಸ್ಸಿನ ಖರ್ಚು ನಮಗೆ ದೊಡ್ಡದಲ್ಲ, ಹೊತ್ತೇ ದೊಡ್ಡದು. ವಾರಕ್ಕೆ ಮೂರು ದಿನ ಕಚೇರಿಗೆ ಹೋಗಬೇಕಾದವಳು ಬಾಡಿಗೆಯನ್ನು ನೋಡುವ ಮೊದಲು ದಾರಿಯನ್ನು ನೋಡತಕ್ಕದ್ದು. ತಿಂಗಳಿಗೊಮ್ಮೆ ಹೋಗುವವಳು ದಾರಿಗಿಂತ ಬಾಡಿಗೆಯನ್ನು ನೋಡಬಹುದು.

ಎರಡನೆಯದು ಮನೆ. ನಗರದಲ್ಲಿದ್ದಾಗ ಒಂದು ಕೋಣೆಯೂ ಒಂದು ಅಡಿಗೆಮನೆಯೂ ಇದ್ದ ಮನೆಗೆ ತಿಂಗಳಿಗೆ ೧೮,೦೦೦ ರೂಪಾಯಿ ಬಾಡಿಗೆ ಕೊಡುತ್ತಿದ್ದೆನು. ಅಲ್ಲಿನ ವಾಡಿಕೆಯಂತೆ ಹತ್ತು ತಿಂಗಳ ಬಾಡಿಗೆ, ಎಂದರೆ ೧,೮೦,೦೦೦ ರೂಪಾಯಿ, ಅಡ್ವಾನ್ಸು. ಈ ಹಣವು ಹಿಂದಕ್ಕೆ ಬರುವುದಷ್ಟೆ ಎಂದು ಅದನ್ನು ಯಾರೂ ಖರ್ಚೆಂದು ಬರೆಯುವುದಿಲ್ಲ. ಆದರೆ ವರ್ಷಕ್ಕೆ ಶೇಕಡ ೬ರ ಬಡ್ಡಿಯೆಂದಿಟ್ಟುಕೊಂಡರೂ ತಿಂಗಳಿಗೆ ೯೦೦ ರೂಪಾಯಿ ಕಾಣದ ಬಾಡಿಗೆ ಅದರಲ್ಲಿ ಅಡಗಿದೆ. ಇಲ್ಲಿ ಎರಡು ಕೋಣೆಗಳ, ನೆಲಮಟ್ಟದ ಮನೆಗೆ ೮,೫೦೦ ರೂಪಾಯಿ ಬಾಡಿಗೆ, ೬೦,೦೦೦ ಅಡ್ವಾನ್ಸು. ಕಾಣದ ಬಾಡಿಗೆಯು ೩೦೦ ರೂಪಾಯಿ ಮಾತ್ರ. ಕೆಲವರು ಭೋಗ್ಯಕ್ಕೆ ಮನೆ ಹಿಡಿಯುವುದುಂಟು. ದೊಡ್ಡ ಮೊತ್ತವನ್ನು ಒಮ್ಮೆಗೇ ಮಾಲೀಕರಿಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವುದು ಇದರ ಕ್ರಮ. ಲೆಕ್ಕಕ್ಕೆ ಲಾಭವೆಂದು ತೋರಿದರೂ, ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದರೆ ಇಟ್ಟ ಗಂಟು ಸಿಕ್ಕಿಬೀಳುವ ಭಯವುಂಟು. ಆದುದರಿಂದ ಋಣಭಾರ ಪತ್ರವನ್ನು ತೆಗೆಸಿ ನೋಡದೆ, ಕರಾರನ್ನು ನೋಂದಾಯಿಸದೆ, ಯಾವ ಹೆಣ್ಣುಮಗಳೂ ತನ್ನ ಉಳಿತಾಯವನ್ನು ಭೋಗ್ಯಕ್ಕೆ ಇಡಬಾರದು. ಹನ್ನೊಂದು ತಿಂಗಳಿಗೆಂದು ಬಾಡಿಗೆಯ ಕರಾರು ಬರೆಯುವ ವಾಡಿಕೆಯ ಕಾರಣವೂ ಇದೇ ಸಂಬಂಧವಾದುದು: ಒಂದು ವರ್ಷಕ್ಕೆ ಮೀರಿದ ಕರಾರನ್ನು ೧೯೦೮ರ ನೋಂದಣಿ ಕಾಯಿದೆಯು ನೋಂದಾಯಿಸಲೇಬೇಕೆನ್ನುತ್ತದೆ.

ಮನೆ ನೋಡಲು ಭಾನುವಾರ ಹೋಗಬಾರದು. ಕೆಲಸದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಹೋಗಬೇಕು. ದೊಡ್ಡಬಳ್ಳಾಪುರವು ನೇಕಾರರ ಊರು. ಎಷ್ಟೋ ಬೀದಿಗಳಲ್ಲಿ ಮನೆಯ ಮುಂಭಾಗದಲ್ಲಿಯೇ ವಿದ್ಯುತ್ ಮಗ್ಗಗಳಿದ್ದು, ಅವುಗಳ ಸದ್ದಿಗೆ ಇದಿರಿನವರ ಮಾತು ಕೇಳಿಸುವುದಿಲ್ಲ. ಫೋನಿನಲ್ಲಿ ಮಾತನಾಡುವುದೇ ಉದ್ಯೋಗವಾಗಿರುವವಳು ಮಗ್ಗದ ಗೋಡೆಗೆ ಅಂಟಿದ ಮನೆಯನ್ನು ಹಿಡಿದರೆ, ಕರೆಂಟು ಇರುವಾಗ ಸದ್ದಿನಿಂದ ಮಾತಿಲ್ಲ, ಕರೆಂಟು ಹೋದಾಗ ಇಂಟರ್ನೆಟ್ಟಿಲ್ಲದೆ ಮಾತಿಲ್ಲ, ಎಂಬಂತಾಗುತ್ತದೆ. ನನ್ನ ಮನೆಯು ಮಗ್ಗದ ಬೀದಿಯಲ್ಲೇ ಇದ್ದರೂ, ಕೆಲಸದ ಕೋಣೆ ಹಿತ್ತಲ ಕಡೆಗಿರುವುದರಿಂದ ತೊಂದರೆಯಿಲ್ಲ.

ಮೂರನೆಯದು ಕೆಲಸದ ಸಾಮಗ್ರಿ. ಮಿತವ್ಯಯವೆಂದರೆ ಎಲ್ಲದರಲ್ಲಿಯೂ ಕೈಹಿಡಿಯುವುದಲ್ಲ. ಇಂಟರ್ನೆಟ್ಟಿಗೆ ತಿಂಗಳಿಗೆ ೭೦೦ ರೂಪಾಯಿಯೂ ಅದರ ಮೇಲೆ ಶೇಕಡ ೧೮ರ ತೆರಿಗೆಯೂ ಸೇರಿ ೮೨೬ ರೂಪಾಯಿ. ಅದು ಕೈಕೊಟ್ಟ ದಿನಕ್ಕೆಂದು ಬೇರೊಂದು ಕಂಪನಿಯ ಮೊಬೈಲ್ ಡೇಟಾಕ್ಕೆ ೩೫೦ ರೂಪಾಯಿ. ಬ್ಯಾಟರಿಯೂ ಸೇರಿ ಇನ್ವರ್ಟರಿಗೆ ೨೪,೦೦೦ ರೂಪಾಯಿ ಹಿಡಿಯಿತು. ನಾಲ್ಕು ವರ್ಷ ಬಾಳುವುದೆಂದು ಹಂಚಿದರೆ ತಿಂಗಳಿಗೆ ೫೦೦. ಲ್ಯಾಪ್‌ಟಾಪಿಗೆ ಸುಮಾರು ೬೦ ವ್ಯಾಟು, ಸಾಧಾರಣ ಫ್ಯಾನಿಗೆ ೭೫, ರೌಟರಿಗೆ ೧೨. ಇವಿಷ್ಟನ್ನೇ ಅದಕ್ಕೆ ಹಚ್ಚಿದರೆ ೧೫೦ ಆಂಪಿಯರ್ ಗಂಟೆಯ ಬ್ಯಾಟರಿಯು ಹೊಸತಾಗಿರುವಾಗ ಏಳೆಂಟು ಗಂಟೆ ನಡೆಸುತ್ತದೆ. ಟೀವಿಯನ್ನೂ ಮಿಕ್ಸಿಯನ್ನೂ ಅದಕ್ಕೆ ಸೇರಿಸಿದರೆ ಕಚೇರಿಯವರಿಗೆ ಉತ್ತರ ಹೇಳಬೇಕಾದ ಹೊತ್ತಿನಲ್ಲಿ ಕತ್ತಲೆಯಾಗುತ್ತದೆ. ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆಯಬಾರದು. ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿಗೆ ೭,೨೦೦ ರೂಪಾಯಿ. ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ೧೦೦. ಈ ನಾಲ್ಕರಲ್ಲಿ ಉಳಿಸಲು ಹೋಗುವುದು, ಬೀಜದ ರಾಗಿಯನ್ನು ಬೀಸಿ ತಿಂದಂತೆ.

ಮನೆಯಲ್ಲಿ ಕುಳಿತು ಕೆಲಸ ಮಾಡುವುದರಿಂದ ಕರೆಂಟು ಎಷ್ಟು ಹೆಚ್ಚಿಗೆ ಖರ್ಚಾಗುವುದೆಂದು ಕೆಲವರು ಕೇಳುತ್ತಾರೆ. ದಿನಕ್ಕೆ ೯ ಗಂಟೆ, ತಿಂಗಳಿಗೆ ೨೫ ದಿನದಂತೆ ಲ್ಯಾಪ್‌ಟಾಪಿಗೂ ಫ್ಯಾನಿಗೂ ೩೦ ಯೂನಿಟ್ಟು. ಹಗಲಿರುಳೂ ಉರಿಯುವ ರೌಟರಿಗೆ ೯ ಯೂನಿಟ್ಟು. ಒಟ್ಟು ೪೦ಕ್ಕೆ ಹತ್ತಿರ. ೨೦೨೩ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯು ಬಾಡಿಗೆದಾರರಿಗೂ ಅನ್ವಯಿಸುತ್ತದೆಯಾದರೂ, ಅದರಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯಿಂದ ಕಟ್ಟಿದ ಮಿತಿಯುಂಟು. ೨೦೦ ಯೂನಿಟ್ಟು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಕೊಡಬೇಕು. ಈ ೪೦ ಯೂನಿಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದುದನ್ನು ಬಳಸುವುದು ಜಾಣತನ.

ಊಟದ ಖರ್ಚು ಸಣ್ಣ ಊರಿನಲ್ಲಿ ಅರ್ಧವಾಗುತ್ತದೆಂಬ ನಂಬಿಕೆಯು ನಿಜವಲ್ಲ. ಹಾಲಿಗೂ ಎಣ್ಣೆಗೂ ಗ್ಯಾಸಿಗೂ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬೆಲೆ. ಸೊಪ್ಪು, ತರಕಾರಿ, ಚಳಿಗಾಲದ ಅವರೆಕಾಯಿ, ಸುತ್ತಲಿನ ತೋಟಗಳ ದ್ರಾಕ್ಷಿ, ಇವು ಸಂತೆಯಲ್ಲಿ ಅಗ್ಗ. ಕೊಳವೆಬಾವಿಯ ನೀರು ಗಡುಸಾದುದರಿಂದ ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ, ನಾಣ್ಯ ಹಾಕಿ, ೨೦ ಲೀಟರಿನ ಕ್ಯಾನಿನಲ್ಲಿ ಹಿಡಿದು ತರಬೇಕು.

ಹೀಗೆ ೨೦೨೩ರ ಕೊನೆಯಲ್ಲಿ ಪುಸ್ತಕದ ಒಂದು ಪುಟದಲ್ಲಿ ನಗರದ ೨೦೧೯ರ ಲೆಕ್ಕವನ್ನೂ ಎದುರಿನ ಪುಟದಲ್ಲಿ ಇಲ್ಲಿಯ ಲೆಕ್ಕವನ್ನೂ ಬರೆದೆನು. ಅಲ್ಲಿ ಬಾಡಿಗೆ, ಅಡ್ವಾನ್ಸಿನ ಬಡ್ಡಿ, ಓಡಾಟದ ೨,೫೦೦ ರೂಪಾಯಿ ಸೇರಿ ೨೧,೪೦೦. ಇಲ್ಲಿ ಬಾಡಿಗೆ, ಬಡ್ಡಿ, ಮೇಲೆ ಹೇಳಿದ ಸಾಮಗ್ರಿ, ಕಚೇರಿಗೆ ಹೋಗುವ ದಿನದ ಆಟೋರಿಕ್ಷಾ ೨೦೦ ರೂಪಾಯಿ ಸೇರಿ ೧೦,೭೭೬. ನಾಲ್ಕು ವರ್ಷದ ಬೆಲೆಯೇರಿಕೆಯನ್ನು ಲೆಕ್ಕಿಸದೆಯೇ ತಿಂಗಳಿಗೆ ಹತ್ತು ಸಾವಿರಕ್ಕೆ ಮೇಲೆ ಉಳಿತಾಯ. ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನವು ಸಂತೋಷದ ವರದಿಯಾಗಿ ಮುಗಿಯುತ್ತಿತ್ತು. ಆದರೆ ಉಳಿದದ್ದು ಹಣ ಮಾತ್ರವಲ್ಲ. ದಿನಕ್ಕೆ ಎರಡೂವರೆ ಗಂಟೆಯ ಪ್ರಯಾಣವು ತಪ್ಪಿ, ತಿಂಗಳ ೨೪ ಕೆಲಸದ ದಿನಕ್ಕೆ ೬೦ ಗಂಟೆಗಳೂ ಉಳಿಯಬೇಕಾಗಿತ್ತು. ಆ ೬೦ ಗಂಟೆಗಳು ಎಲ್ಲಿಗೆ ಹೋದವು?

ಇದನ್ನು ತಿಳಿಯಲು ಒಂದು ತಿಂಗಳು ರೂಪಾಯಿಯನ್ನು ಬರೆಯುವಂತೆಯೇ ಹೊತ್ತನ್ನೂ ಬರೆದಿಟ್ಟೆನು. ನಲ್ಲಿಯ ನೀರಿಗೆ ಕಾದು ತುಂಬಿದ್ದು ೧೧ ಗಂಟೆ. ನೆರೆಹೊರೆಯವರಿಗೆ ಬಂದ ಪಾರ್ಸೆಲನ್ನೂ ಸಿಲಿಂಡರನ್ನೂ ಇಳಿಸಿಕೊಂಡದ್ದು ೬. ಬಂಧುಬಳಗದವರ ಅರ್ಜಿಗಳನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಟ್ಟದ್ದು ೧೪. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಕಾಫಿ ತಿಂಡಿಯ ಉಪಚಾರ ೧೯. ತಾಯಿಯವರೊಡನೆ ಆಸ್ಪತ್ರೆಗೆ ೬. ನನಗೆಂದು ಉಳಿದದ್ದು ೪. ಇದರಲ್ಲಿ ತಾಯಿಯವರ ೬ ಗಂಟೆಯನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಆದರೆ ಉಳಿದ ೫೦ ಗಂಟೆಗಳೂ ಹಗಲ ಹೊತ್ತಿನವು. ಅವುಗಳಿಗೆ ಎಡೆಮಾಡಿಕೊಡಲು ಕಚೇರಿಯ ಕೆಲಸವನ್ನು ರಾತ್ರಿ ಹತ್ತರಿಂದ ಒಂದು ಗಂಟೆಯವರೆಗೆ ಮಾಡಬೇಕಾಗುತ್ತಿತ್ತು. ಬಂದವರಲ್ಲಿ ಒಬ್ಬರೂ ಕೆಟ್ಟವರಲ್ಲ. ಎಲ್ಲರ ಬಾಯಲ್ಲಿಯೂ ಒಂದೇ ಮಾತು: "ನೀನು ಹೇಗೂ ಮನೆಯಲ್ಲೇ ಇರ್ತೀಯಲ್ಲಮ್ಮ."

ಈ ಮಾತಿನ ವಯಸ್ಸೆಷ್ಟೆಂಬುದು ನನಗೆ ತಿಳಿದದ್ದು ನನ್ನ ಬೀದಿಯಲ್ಲಿಯೇ. ಕಂಪ್ಯೂಟರಿನವರು ಇಂದು ಹೊಸತೆಂದು ಹೇಳಿಕೊಳ್ಳುವ ಏರ್ಪಾಡು ನೇಕಾರರ ಮನೆಗಳಲ್ಲಿ ತಲೆತಲಾಂತರದಿಂದ ಇದೆ. ನೂಲು ಎಲ್ಲಿಂದಲೋ ಬರುತ್ತದೆ. ಮಾಡಿಸುವ ಸಾಹುಕಾರ ಬೇರೆಡೆ ಇರುತ್ತಾನೆ. ಕೆಲಸವು ಮನೆಯೊಳಗೆ ನಡೆದು, ಸೀರೆಯು ಕಾಣದ ಊರಿಗೆ ಹೋಗುತ್ತದೆ. ಸೀರೆಗೆ ಇಷ್ಟೆಂದು ಕೂಲಿ. ಅವರ ಮನೆಗಳಲ್ಲಿ ಮಗ್ಗಕ್ಕೆ ಒಂದು ಜಾಗ ಗೊತ್ತು. ಮಗ್ಗ ನಡೆಯುತ್ತಿರುವಾಗ ನೇಯುವವನನ್ನು ಯಾರೂ ಅಂಗಡಿಗೆ ಕಳುಹಿಸುವುದಿಲ್ಲ. ನೆಂಟರು ಬಂದರೂ ಅವನು ಲಾಳಿ ನಿಂತ ಮೇಲೆಯೇ ಎದ್ದುಬರುವನು. ಇಷ್ಟು ಮರ್ಯಾದೆಯನ್ನು ಲ್ಯಾಪ್‌ಟಾಪಿನ ಮುಂದೆ ಕುಳಿತವಳಿಗೂ ಕೊಟ್ಟರೆ ಸಾಕೆಂದು ನಾನು ಮೊದಲು ಎಣಿಸಿದ್ದೆನು. ಆದರೆ ಅದೇ ಮನೆಯಲ್ಲಿ ಹೆಂಗಸರು ಕಂಡಿಕೆ ಸುತ್ತುವರು. ಹೊಕ್ಕಿನ ನೂಲು ಕಂಡಿಕೆಗೆ ಏರದೆ ಲಾಳಿಯು ಒಂದು ಗೇಣೂ ಓಡಲಾರದು. ಆ ಕೆಲಸಕ್ಕೆ ಗೊತ್ತಾದ ಹೊತ್ತೂ ಇಲ್ಲ, ಬೇರೆ ಕೂಲಿಯೂ ಇಲ್ಲ. ಸೀರೆಯ ಕೂಲಿಯಲ್ಲಿ ಅದು ಅಡಗಿಹೋಗುತ್ತದೆ.

೨೦೨೫ರ ಸೆಪ್ಟೆಂಬರ್ ೨೨ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯು ನಡೆಯಿತಷ್ಟೆ. ಅದರ ಸಲುವಾಗಿ ನಮ್ಮ ಬೀದಿಗೆ ಬಂದ ಉಪಾಧ್ಯಾಯಿನಿಯೊಬ್ಬರು ಪಕ್ಕದ ಮನೆಯಾಕೆಯನ್ನು, "ನೀವೇನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು. ಆಕೆಯ ಎಡಗೈಯಲ್ಲಿ ಕಂಡಿಕೆ, ಸೊಂಟದಲ್ಲಿ ನೂಲಿನ ಎಳೆ. "ಏನೂ ಇಲ್ಲ ಮೇಡಂ, ಮನೇಲೇ ಇದ್ದೀನಿ" ಎಂದಳು. ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದೆ ದುಡಿಯುವ ಆಕೆಯು ಸುಳ್ಳು ಹೇಳಲಿಲ್ಲ. ತನಗೆ ಇತರರು ಹೇಳಿಕೊಟ್ಟ ಉತ್ತರವನ್ನೇ ಒಪ್ಪಿಸಿದಳು. ನನ್ನ ಬಂಧುಗಳು ನನ್ನನ್ನು ಕುರಿತು ಆಡುವ ಮಾತೂ ಅದೇ. ಸಂಬಳವು ಬ್ಯಾಂಕಿಗೆ ಬರುವುದೊಂದು ವ್ಯತ್ಯಾಸ. ೨೦೨೪ರಲ್ಲಿ ಸರ್ಕಾರವು ಜನರು ಹೊತ್ತು ಕಳೆಯುವ ಬಗೆಯನ್ನು ದೇಶದಾದ್ಯಂತ ಎಣಿಸಿದಾಗ, ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ೨೮೯ ನಿಮಿಷವನ್ನೂ, ಮಾಡುವ ಗಂಡಸರು ೮೮ ನಿಮಿಷವನ್ನೂ ಕೊಡುತ್ತಾರೆಂದು ಕಂಡುಬಂದಿತು. ಕಚೇರಿಯು ಮನೆಗೆ ಬಂದ ಮಾತ್ರಕ್ಕೆ ಈ ತಕ್ಕಡಿ ಸಮವಾಗುವುದಿಲ್ಲ. ಹೆಣ್ಣಿನ ತಟ್ಟೆ ಇನ್ನೂ ಕೆಳಗಿಳಿಯುತ್ತದೆ.

ಇದರಿಂದ ಬರುವ ನಷ್ಟವನ್ನು ರೂಪಾಯಿಯಲ್ಲಿಯೇ ಹೇಳಬಹುದು. ನನಗೆ ಪರಿಚಿತಳಾದ, ನಮ್ಮ ಶಾಲೆಯಲ್ಲಿಯೇ ಓದಿದ ಒಬ್ಬ ತರುಣಿಯು ಮದುವೆಯಾದ ಮೇಲೆ ಮನೆಯಿಂದಲೇ ೩೦,೦೦೦ ರೂಪಾಯಿಯ ಉದ್ಯೋಗವನ್ನು ಮಾಡುತ್ತಿದ್ದಳು. ಅಡಿಗೆ, ಪಾತ್ರೆ, ಮಗುವಿನ ಆರೈಕೆ ಎಲ್ಲವೂ ಅವಳದೇ. ಮನೆಯಲ್ಲೇ ಇರುವವಳಿಗೆ ಆಳೇಕೆಂದು ಮನೆಯವರ ಮತ. ತಿಂಗಳಿಗೆ ೬,೦೦೦ ರೂಪಾಯಿ ಕೊಟ್ಟಿದ್ದರೆ ಒಬ್ಬಾಕೆ ಬಂದು ಹಗಲು ನಾಲ್ಕು ಗಂಟೆ ಕೆಲಸ ಮಾಡಿಕೊಡುತ್ತಿದ್ದಳು. ಆ ೬,೦೦೦ವನ್ನು ಉಳಿಸಿದರು. ಎಂಟು ತಿಂಗಳಲ್ಲಿ ತರುಣಿಯು ನಿದ್ದೆಗೆಟ್ಟು, ಕೆಲಸದಲ್ಲಿ ಹಿಂದೆಬಿದ್ದು, ೩೦,೦೦೦ದ ಉದ್ಯೋಗವನ್ನು ಬಿಟ್ಟಳು. ಇದನ್ನು ಮಿತವ್ಯಯವೆನ್ನಬಹುದೇ? ೨೦೧೭ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಯನ್ನು ತಿದ್ದಿದಾಗ ರಜೆಯನ್ನು ೨೬ ವಾರಕ್ಕೆ ಏರಿಸಿದ್ದಲ್ಲದೆ, ರಜೆ ಮುಗಿದ ಮೇಲೆ ಕೆಲಸದ ಸ್ವರೂಪವು ಒಪ್ಪುವಂತಿದ್ದರೆ ಉಭಯರ ಒಪ್ಪಿಗೆಯಿಂದ ಮನೆಯಿಂದಲೇ ದುಡಿಯಬಹುದೆಂದೂ ಸೇರಿಸಿದರು. ಕಾಯಿದೆಯು ಕಚೇರಿಯವರನ್ನು ಒಪ್ಪಿಸಲು ದಾರಿ ಮಾಡಿತು. ಮನೆಯವರನ್ನು ಒಪ್ಪಿಸುವ ಕಾಯಿದೆ ಎಲ್ಲಿಯೂ ಇಲ್ಲ.

ನಾನು ಮಾಡಿಕೊಂಡ ಏರ್ಪಾಡನ್ನು ಹೇಳುತ್ತೇನೆ. ಉಳಿದ ಹತ್ತು ಸಾವಿರದಲ್ಲಿ ೩,೫೦೦ನ್ನು ಎತ್ತಿ, ಬೆಳಗ್ಗೆ ಎರಡು ಗಂಟೆ ಬಂದು ನೀರು, ಪಾತ್ರೆ, ತರಕಾರಿಯನ್ನು ನೋಡಿಕೊಳ್ಳುವ ಒಬ್ಬಾಕೆಗೆ ಕೊಡುತ್ತೇನೆ. ವಾರಕ್ಕೊಂದು ದಿನ ಆಕೆಗೆ ರಜ. ತಾಯಿಯವರನ್ನು ಶನಿವಾರದ ದಿನ ಆಸ್ಪತ್ರೆಗೆ ಕರೆದೊಯ್ಯುವ ಭಾರವನ್ನು ತಮ್ಮನು ವಹಿಸಿಕೊಂಡನು; ಅವನನ್ನು ಒಪ್ಪಿಸಿದ್ದು ನನ್ನ ಮಾತಲ್ಲ, ಹೊತ್ತಿನ ಲೆಕ್ಕದ ಆ ಒಂದು ಪುಟ. ಕೆಲಸದ ಕೋಣೆಯ ಬಾಗಿಲ ಮೇಲೆ ಸಣ್ಣ ಕರಿಹಲಗೆಯನ್ನು ತೂಗುಹಾಕಿ, ಒಂಬತ್ತರಿಂದ ಒಂದು, ಎರಡರಿಂದ ಆರು ಎಂದು ಬರೆದೆನು. ಬಂಧುಗಳ ಅರ್ಜಿಗಳಿಗೆ ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಗಂಟೆ. ಮೊದಲ ತಿಂಗಳು ಕೆಲವರು ಮುನಿಸಿಕೊಂಡರು. ನನ್ನ ತಾಯಿಯವರೇ ಜಗಲಿಯಲ್ಲಿ ಕುಳಿತು, "ಮಗಳು ಆಫೀಸಿನಲ್ಲಿದ್ದಾಳೆ, ಆರು ಗಂಟೆಗೆ ಬನ್ನಿ" ಎಂದು ಹೇಳಲಾರಂಭಿಸಿದ ಮೇಲೆ ಜನರು ಒಗ್ಗಿಕೊಂಡರು. ಈಗ ನನಗೆ ತಿಂಗಳಿಗೆ ಸುಮಾರು ಏಳು ಸಾವಿರ ರೂಪಾಯಿಯೂ, ನಲವತ್ತು ಗಂಟೆಯೂ ಉಳಿಯುತ್ತವೆ. ರಾತ್ರಿ ಹತ್ತಕ್ಕೆ ದೀಪ ಆರುತ್ತದೆ. ಪಕ್ಕದ ಮನೆಯಾಕೆಯೂ ಕರಿಹಲಗೆಯನ್ನು ನೋಡಿ, ತಾನು ದಿನಕ್ಕೆ ಎಷ್ಟು ಕಂಡಿಕೆ ಸುತ್ತುವಳೆಂದು ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೀಟು ಹಾಕುತ್ತಿದ್ದಾಳೆ. ಅದರಿಂದ ಆಕೆಗೆ ಕೂಲಿ ಬಂದಿಲ್ಲ. ಆದರೆ ಅವಳ ಯಜಮಾನರು ಆ ಗೀಟುಗಳನ್ನು ಎಣಿಸಿದ್ದನ್ನು ನಾನು ಕಂಡಿದ್ದೇನೆ.

ನಾವು ಸತ್ಯವೇದದಲ್ಲಿ ಓದಿದ ಅಕ್ವಿಲ ಪ್ರಿಸ್ಕಿಲ್ಲರೂ ಕೊರಿಂಥ ಪಟ್ಟಣದಲ್ಲಿ ಮನೆಯಲ್ಲಿದ್ದು ದುಡಿದವರೇ. ರೋಮಾಪುರವನ್ನು ಬಿಟ್ಟುಬಂದ ಆ ದಂಪತಿಗಳ ಬಳಿಯಲ್ಲಿಯೇ ಪೌಲನು ಇಳಿದುಕೊಂಡು, ಅವರೊಡನೆ ಗುಡಾರ ಮಾಡುವ ಕೆಲಸವನ್ನು ಮಾಡಿದನು. ಗ್ರಂಥಕರ್ತನು ಆ ಕಸುಬನ್ನು ಗಂಡನ ಹೆಸರಿಗೆ ಮಾತ್ರ ಬರೆಯಲಿಲ್ಲ, ಅವರದೆಂದು ಬರೆದನು. ಪ್ರಿಸ್ಕಿಲ್ಲಳು ಮನೆಯಲ್ಲೇ ಇದ್ದಳೆಂದು ಹೇಳಿ ಮುಂದಕ್ಕೆ ಹೋಗಲಿಲ್ಲ.

ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮಗಳಿಗೋ ಸೊಸೆಗೋ ಮನೆಯಿಂದ ಮಾಡುವ ಉದ್ಯೋಗವು ದೊರೆತರೆ, ಖರ್ಚು ಉಳಿಯಿತೆಂದು ಸಂತೋಷಪಡಿರಿ. ಅದು ನಿಜವಾದ ಉಳಿತಾಯವೇ. ಅದರಲ್ಲಿ ಒಂದು ಪಾಲನ್ನು ಮೊದಲ ತಿಂಗಳೇ ತೆಗೆದು, ಅವಳ ಕೋಣೆಗೆ ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕವನ್ನು ಹಾಕಿಸಿಕೊಡಿರಿ. ಅವಳು ಅದನ್ನು ಹಾಕಿಕೊಂಡಾಗ ಹೊರಗಿನಿಂದ ತಟ್ಟದಿರುವ ಕೆಲಸವನ್ನು ಮನೆಯವರು ಮಾಡಿದರೆ, ಉಳಿದುದನ್ನು ಅವಳೇ ಮಾಡಿಕೊಳ್ಳುವಳು.